ಮೋಲ್ಡ್ ಕೊರೆದು ಹೊಸ ಶವರ್ ಟ್ರ್ಯಾಪ್ ಕೂರಿಸಿದವರು ಅನುಭವ ಹೇಳಿ

ಪ್ರಶ್ನೆ, ಬೆಂಗಳೂರಿನಿಂದ: ನಮ್ಮದು 30-40 ಸೈಟಿನ ಮನೆ. ಅಮ್ಮನಿಗೆ ಮಂಡಿ ನೋವು, ಅವರ ರೂಮಿನ ಮೂಲೆಯಲ್ಲೇ ಶವರ್ ಜಾಗ ಮಾಡಿ, ನೆಲದಲ್ಲಿ ಟ್ರ್ಯಾಪ್ (ನೀರು ಇಳಿದು ಹೋಗೋ, ವಾಸನೆ ತಡೆಯೋ ಬಾಯಿ) ಕೂರಿಸಬೇಕು ಅಂತಿದ್ದೇನೆ. ಇರೋದು ಮೊದಲನೇ ಮಹಡಿ. ಸಂಕನ್ ಸ್ಲ್ಯಾಬ್ (ಪೈಪು ಹಾಯಿಸೋಕೆ ತಗ್ಗಿಸಿ ಹಾಕಿದ ಮೋಲ್ಡ್) ಇಲ್ಲ, ಬರೀ 5 ಇಂಚಿನ ಕಾಂಕ್ರೀಟ್ ಮೋಲ್ಡ್. ಕೆಳಗೆ ಬಾಡಿಗೆಯವರ ಅಡುಗೆಮನೆ, ಗೋಡೆ ಪಕ್ಕದಲ್ಲೇ ಬೀಮ್. ಒಬ್ಬ ಮೇಸ್ತ್ರಿ ಬ್ರೇಕರ್ ಮೆಷಿನ್ನಲ್ಲಿ ಒಡೆಯೋಣ ಅಂತಾರೆ, ಇನ್ನೊಬ್ಬರು ಕೋರ್ ಕಟಿಂಗ್ (ಮೆಷಿನ್ನಲ್ಲಿ ದುಂಡಗೆ ತೂತು ಕೊರೆಯೋದು) ಅಂತಾರೆ. ನೀವು ಏನು ಮಾಡಿಸಿದಿರಿ?

ಮೈಸೂರಿನಿಂದ: ಬ್ರೇಕರ್ ಮನೆಯೊಳಗೆ ಬಿಡಲೇಬೇಡಿ ಸಾರ್. ನಮ್ಮ ಮೇಸ್ತ್ರಿ 4 ಇಂಚಿನ ಪೈಪಿಗೆ ಒಂದು ಅಡಿ ಅಗಲ ಒಡೆದು ಹಾಕಿದ. ಅಡ್ಡ ಬಂದ ಕಂಬಿಗಳನ್ನೂ ಕತ್ತರಿಸಿದ. ಪೈಪಿನ ಸುತ್ತ ಸುಮ್ನೆ ಸಿಮೆಂಟ್ ಮರಳು ತುಂಬಿ ಹೋದ. ಟ್ರ್ಯಾಪ್ 240, ಪೈಪು ಬೆಂಡು 1,150, ಕೂಲಿ 6,500. ಎಂಟು ಸಾವಿರದೊಳಗೆ ಮುಗೀತು ಅಂತ ಎಲ್ಲರೂ ಖುಷಿಪಟ್ಟರು. ಮಳೆಗಾಲ ಕಳೆಯೋದರೊಳಗೆ ಕೆಳಗಿನ ಹಾಲ್ ಸೀಲಿಂಗ್‌ನಲ್ಲಿ ಹಳದಿ ಕಲೆ, ಆಮೇಲೆ ಗಾರೆ ಚಕ್ಕೆ ಚಕ್ಕೆಯಾಗಿ ಉದುರಿತು. ಮತ್ತೆ ಟೈಲ್ಸ್ ಕೀಳೋಕೆ 4,000, ಕಸ ಸಾಗಿಸೋಕೆ 1,800, ಹೊಸ ಟೈಲ್ಸ್ 9,200, ವಾಟರ್‌ಪ್ರೂಫಿಂಗ್ 14,000, ಕೆಳಗಿನ ಗಾರೆ ಮತ್ತು ಪೇಂಟಿಗೆ 11,500. ಒಟ್ಟು 40,500 ರೂಪಾಯಿ. ಮೇಸ್ತ್ರಿ ಫೋನೇ ಎತ್ತಲಿಲ್ಲ. ಆ ಕಲೆ ಇದ್ದ ಜಾಗ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತೆ.

ಹುಬ್ಬಳ್ಳಿಯಿಂದ: ಮೈಸೂರಿನವರೇ, ತಪ್ಪು ಬ್ರೇಕರ್‌ದಷ್ಟೇ ಅಲ್ಲ, 4 ಇಂಚಿನ ಪೈಪಿನದೂ ಹೌದು. ಸ್ನಾನದ ನೀರಿಗೆ 75 ಎಂಎಂ ಪೈಪು ಧಾರಾಳ ಸಾಕು. ಮೋಲ್ಡಿನಲ್ಲಿ ಕಂಬಿ ಸಾಮಾನ್ಯವಾಗಿ ಆರು ಇಂಚಿಗೊಂದು ಇರುತ್ತೆ. 4 ಇಂಚಿನ ಕೋರ್ ಅದರ ನಡುವೆ ಇಳಿಯುತ್ತೆ. ನಾನು ಮೊದಲು ಕಂಬಿ ಹುಡುಕೋ ಮೆಷಿನ್ ತರಿಸಿ ಚಾಕ್‌ಪೀಸಿನಲ್ಲಿ ಗುರುತು ಹಾಕಿಸಿದೆ, ಆಮೇಲೆ ಕೊರೆಸಿದೆ. ತೂತಿಗೆ 2,200 ಕೊಟ್ಟೆ. ಒಂದು ಕಂಬಿಗೂ ಏಟು ಬೀಳಲಿಲ್ಲ.

ಇನ್ನೊಂದು ಮಾತು. ಪಿವಿಸಿ ನುಣುಪು, ಸಿಮೆಂಟ್ ಅದನ್ನು ಹಿಡಿಯೋದಿಲ್ಲ. ತೂತಿನೊಳಗೆ ಬರೋ ಭಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿಸಿ, ಸಾಲ್ವೆಂಟ್ (ಪೈಪು ಅಂಟಿಸೋ ಗಮ್) ಬಳಿಸಿ, ಹಸಿ ಇರುವಾಗಲೇ ಒಣ ಮರಳು ಉದುರಿಸಿದೆ. ಒಣಗಿದ ಮೇಲೆ ಪೈಪು ಮುಟ್ಟಿದರೆ ಕೈಗೆ ತರಿತರಿಯಾಗಿ ಹತ್ತುತ್ತೆ. ಆಮೇಲೆ ಪೈಪಿನ ಸುತ್ತ ಕುಗ್ಗದ ಗ್ರೌಟ್ (ಸಂದು ತುಂಬೋ ಸಿಮೆಂಟ್ ಮಿಶ್ರಣ) ತುಂಬಿಸಿದೆ. ಮೇಲೆ ವಾಟರ್‌ಪ್ರೂಫ್ ಎರಡು ಕೋಟ್, ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ, ಟ್ರ್ಯಾಪಿನ ಬಾಯೊಳಗೂ ಬಳಿಯಬೇಕು. ಟೈಲ್ಸ್ ಹಾಕೋ ಮುಂಚೆ ಬಾಯಿ ಮುಚ್ಚಿ 48 ಗಂಟೆ ನೀರು ಕಟ್ಟಿಸಿದೆ. ನಮ್ಮ ಮನೆಯಲ್ಲಿ ಇವತ್ತಿಗೂ ಒಂದು ಹನಿ ಸೋರಿಲ್ಲ.

ಮೈಸೂರಿನಿಂದ: ಕೆಲಸ ಕೆಟ್ಟ ಮೇಲೆ ಬುದ್ಧಿ ಹೇಳೋದು ಸುಲಭ ರೀ. ನಮ್ಮ ಮನೆಯಲ್ಲಿ ಪೈಪಿನ ಅಳತೆ ಹೇಳಿದ್ದೇ ಮೇಸ್ತ್ರಿ. ನಲವತ್ತು ಸಾವಿರ ಕಳಕೊಂಡವರಿಗೆ ಹೀಗೆ ಮಾತಾಡಬೇಡಿ.

ಉಡುಪಿಯಿಂದ: ನಮ್ಮದು ನೆಲಮಹಡಿ. ನೆಲ ಅಗೆದು ಮನೆ ಹೊರಗೆ ಬಚ್ಚಲ ನೀರು ಸೇರೋ ಗಲ್ಲಿ ಟ್ರ್ಯಾಪ್ ಗುಂಡಿಯವರೆಗೆ ಪೈಪು ಎಳೆಸಿದೆವು. ವಾಟ (ಇಳಿಜಾರು) 80ಕ್ಕೆ 1 ಇಟ್ಟೆವು, ಅಂದರೆ 4 ಅಡಿಗೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ. ಕಷ್ಟ ಬಂದಿದ್ದು ವಾಸನೆಯಿಂದ. ಪ್ಲಂಬರ್ ತಂದ ಟ್ರ್ಯಾಪ್‌ನಲ್ಲಿ ನೀರು ನಿಲ್ಲೋ ಆಳವೇ ಇರಲಿಲ್ಲ. 50 ಎಂಎಂ ನೀರಿನ ಸೀಲ್ ಇರೋದು ಹಾಕಿಸಿದ ಮೇಲೆ ಜಿರಳೆಯೂ ಇಲ್ಲ, ನಾತವೂ ಇಲ್ಲ. ಊರಿಗೆ ಹೋಗಿ ಬಂದರೆ ಮೊದಲು ಒಂದು ಚೊಂಬು ನೀರು ಹಾಕುತ್ತೇವೆ. ಇನ್ನೊಂದು, ಟ್ರ್ಯಾಪ್ ಮೇಲೆ ದುಂಡು ಜಾಲಿ ಬಿಟ್ಟು, ನೀರು ಹರಿಯೋ ಉದ್ದದ ಚಾನೆಲ್ ಹಾಕಿಸಿ. ವಾಟ ಒಂದೇ ಕಡೆ ಕೊಟ್ಟರೆ ಸಾಕು, ದೊಡ್ಡ ಟೈಲ್ಸ್ ಕತ್ತರಿಸದೆ ಕೂರುತ್ತೆ.

ತುಮಕೂರಿನಿಂದ: ಚಾನೆಲ್ ಹಾಕಿಸಿ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ ಮೇಡಂ! 4,800 ಕೊಟ್ಟು ಹಾಕಿಸಿದೆ. ನಮ್ಮದು ಬೋರ್ ನೀರು. ಉಪ್ಪು ಕಟ್ಟಿ ಮುಚ್ಚಳ ಎತ್ತೋಕೇ ಆಗಲ್ಲ. ಚಮಚದ ಹಿಂಬದಿ ತೂರಿಸಿ ಮೀಟಬೇಕು. ಒಳಗೆ ಕೂದಲು, ಸೋಪಿನ ಜಿಗಟು. ಕೊನೆಗೆ 180 ರೂಪಾಯಿಯ ಜಾಲಿಗೇ ವಾಪಸ್ ಬಂದೆವು.

ಉಡುಪಿಯಿಂದ: ವಾರಕ್ಕೊಮ್ಮೆ ತೊಳೆದರೆ ಯಾವ ಚಾನೆಲ್ಲೂ ಕಟ್ಟಲ್ಲ.

ತುಮಕೂರಿನಿಂದ: ತೊಳೆಯುತ್ತಲೇ ಇದ್ದೆ. ನಿಮ್ಮ ಬಾವಿ ನೀರು ಬೇರೆ, ನಮ್ಮ ಬೋರ್ ನೀರು ಬೇರೆ. ನಮ್ಮ ಗೀಸರ್ ಕಾಯಿಲ್ ಒಮ್ಮೆ ತೆಗೆದು ನೋಡಿ, ಬಿಳಿ ಗಾರೆ ಮೆತ್ತಿದ ಹಾಗೆ ಇರುತ್ತೆ.

ದಾವಣಗೆರೆಯಿಂದ: ನಾನು ಸಿವಿಲ್ ಕೆಲಸದವನು. ಚಾನೆಲ್ ಜಗಳ ಆಮೇಲೆ ಇಟ್ಟುಕೊಳ್ಳಿ. ಅವರು ಗೋಡೆ ಪಕ್ಕ ಬೀಮ್ ಇದೆ ಅಂದಿದ್ದಾರೆ, ಅದನ್ನು ಒಬ್ಬರೂ ಓದಿಲ್ಲ. ಬೀಮ್ ಕೊರೆಯೋ ಹಾಗೇ ಇಲ್ಲ, ತೂತು ಅದರಿಂದ ಸರಿದು ಬರಬೇಕು. ಸಂಕನ್ ಇಲ್ಲದ ಕಾರಣ ಟ್ರ್ಯಾಪ್ ಮೋಲ್ಡಿನ ಕೆಳಗೇ ನೇತಾಡುತ್ತೆ. ಪೈಪು ಬಾಡಿಗೆಯವರ ಅಡುಗೆಮನೆ ಸೀಲಿಂಗ್‌ನಲ್ಲಿ ಬೀಮಿನ ಕೆಳಗೆ ಹಾದು ಹೊರಗೆ ಹೋಗಬೇಕು. ಅಲ್ಲಿ ಎತ್ತರ ಎಷ್ಟಿದೆ ಅಳೆದು ಹೇಳಿ.

ಹುಬ್ಬಳ್ಳಿಯಿಂದ: ಓದಿದ್ದೇನೆ ಸರ. ಕಂಬಿ ಹುಡುಕಿಸಿ ಅಂದಿದ್ದು ಅದಕ್ಕೇ.

ದಾವಣಗೆರೆಯಿಂದ: ಬೀಮ್ ಹುಡುಕೋಕೆ ಮೆಷಿನ್ ಬೇಡ, ಕೆಳಗೆ ನಿಂತು ತಲೆ ಎತ್ತಿದರೆ ಕಾಣುತ್ತೆ.

ಪ್ರಶ್ನೆ ಕೇಳಿದವರು: ಅಳೆದೆ ಸಾರ್. ಬೀಮಿನ ತಳದಿಂದ ಕಿಟಕಿ ಲಿಂಟಲ್‌ವರೆಗೆ 7 ಇಂಚು ಸಿಗುತ್ತೆ. 75 ಎಂಎಂ ಪೈಪು ವಾಟ ಸಮೇತ ಹೋಗುತ್ತಾ?

ಮೈಸೂರಿನಿಂದ: ಹೋಗುತ್ತೆ, ಆದರೆ ಮೊದಲು ಬಾಡಿಗೆಯವರನ್ನು ಒಪ್ಪಿಸಿ. ನಮ್ಮವರು ಎರಡು ತಿಂಗಳ ಬಾಡಿಗೆ ಹಿಡಿದುಕೊಂಡರು. ಅದು ಆ 40,500ರಲ್ಲಿ ಸೇರಿಲ್ಲ.