ಪದಚರ್ಚೆ: ‘ಹಿಂದೆ ಹೋಗಿ’ ಎಂದರೆ ಯಾವ ಕಡೆಗೆ?

ಪ್ರಶ್ನೆ: ಫುಲ್‌ಬ್ರೈಟ್ ತಂಡದವರು 2017ರಲ್ಲಿ ತಂದ ‘ಟಕೋಮಾ’ ವಿಡಿಯೋ ಗೇಮ್ ಆಡುವ ಬಗೆಯನ್ನು ಕನ್ನಡದಲ್ಲಿ ಬರೆಯುವಾಗ ‘ರಿವೈಂಡ್’ಗೆ ‘ಹಿಂದೆ ಹೋಗಿ’ ಎಂದರೆ ಓದಿದವರು ಬಂದ ಬಾಗಿಲಿಗೇ ವಾಪಸಾಗುತ್ತಾರೆ. ಬೇರೆ ಪದ ಉಂಟೇ? ‘ರೆಕಾರ್ಡಿಂಗ್’ಗೆ ‘ಧ್ವನಿಮುದ್ರಣ’ ಸಾಕೇ?

ಉತ್ತರ: ತೊಡಕು ಆಟದ ಕಟ್ಟಿನಲ್ಲೇ ಇದೆ. ಕತೆ ನಡೆಯುವುದು 2088ರಲ್ಲಿ. ಆಡುವವರು ನಡೆಸುವ ಪಾತ್ರವಾದ ಏಮಿ ಫೆರಿಯರ್ ಬಾಹ್ಯಾಕಾಶ ನಿಲ್ದಾಣಕ್ಕೆ ಬರುವ ಹೊತ್ತಿಗೆ ಆರು ಮಂದಿ ಸಿಬ್ಬಂದಿಯಲ್ಲಿ ಯಾರೂ ಅಲ್ಲಿಲ್ಲ. ಅವರ ಮಾತು, ಓಡಾಟವೆಲ್ಲ ರೆಕಾರ್ಡಿಂಗ್ ಆಗಿ ಉಳಿದಿದೆ. ಒಬ್ಬೊಬ್ಬರೂ ಒಂದೊಂದು ಬಣ್ಣದ ಆಕೃತಿಯಾಗಿ ಅದೇ ಕೋಣೆಗಳಲ್ಲಿ ತಿರುಗಾಡುತ್ತಾರೆ. ಇಬ್ಬರ ಮಾತನ್ನು ನಾವು ಇಲ್ಲಿ ಕೇಳುತ್ತಿರುವಾಗಲೇ ಮೂರನೆಯವರು ಎದ್ದು ಪಕ್ಕದ ಕೋಣೆಗೆ ಹೋಗಿರುತ್ತಾರೆ. ಅಲ್ಲಿ ಏನಾಯಿತೆಂದು ತಿಳಿಯಲು ರೆಕಾರ್ಡಿಂಗ್ ಹಿಂದಕ್ಕೆ ಹೋಗಬೇಕು, ಆಡುವವರು ಮುಂದಿನ ಕೋಣೆಗೆ ಹೋಗಬೇಕು. ನಮ್ಮ ‘ಹಿಂದೆ’, ‘ಮುಂದೆ’ಗಳು ಕಾಲಕ್ಕೂ ಸಲ್ಲುತ್ತವೆ, ಜಾಗಕ್ಕೂ ಸಲ್ಲುತ್ತವೆ. ಹಾಗಾಗಿ ಆ ಪದಗಳನ್ನು ತಿದ್ದಿ ಫಲವಿಲ್ಲ, ಕ್ರಿಯಾಪದವನ್ನು ಬದಲಿಸಬೇಕು.

‘-ಇಸು’ ಹಚ್ಚಿದರೆ ಗೊಂದಲ ಕಳೆಯುತ್ತದೆ. ‘ನಿಲ್ಲಿ’ ಎಂದರೆ ಆಡುವವರು ನಿಲ್ಲಬೇಕು, ‘ನಿಲ್ಲಿಸಿ’ ಎಂದರೆ ರೆಕಾರ್ಡಿಂಗ್ ನಿಲ್ಲಬೇಕು. ಹಾಗೆಯೇ ‘ಹಿಂದಕ್ಕೆ ಓಡಿಸಿ’. ಕ್ಯಾಸೆಟ್ ಕಾಲದ ‘ಸುತ್ತಿ’ ಇಲ್ಲಿ ಬೇಡ, ಕೋಣೆ ಸುತ್ತಲು ಹೇಳಿದಂತಾಗುತ್ತದೆ. ಗುಂಡಿಯ ಮೇಲಾದರೆ ‘ಓಡಿಸು’, ‘ನಿಲ್ಲಿಸು’. ಕಂಪ್ಯೂಟರಿನಲ್ಲಿ ‘ಉಳಿಸು’ ಈಗಾಗಲೇ ರೂಢಿಯಲ್ಲಿದೆಯಲ್ಲ.

‘ನಿಲ್ಲಿಸಿ’ ಎಲ್ಲಿ ಎಂಬುದನ್ನೂ ಬರೆಯಿರಿ. ರೆಕಾರ್ಡಿಂಗ್‌ನಲ್ಲಿರುವವರು ನಡುವೆ ತಮ್ಮ ಮಿಂಚಂಚೆಯ ಪರದೆ ತೆರೆಯುತ್ತಾರೆ. ಅದು ಆಕೃತಿಯ ಎದುರು ತೇಲುತ್ತಿರುವಷ್ಟು ಹೊತ್ತು ಮಾತ್ರ ಓದಲು ಸಿಗುತ್ತದೆ. ‘ಪರದೆ ಕಂಡಾಗ ರೆಕಾರ್ಡಿಂಗ್ ನಿಲ್ಲಿಸಿ, ಹತ್ತಿರ ಹೋಗಿ ತೆರೆಯಿರಿ’ ಎಂದರೆ ಸಾಕು.

‘ಧ್ವನಿಮುದ್ರಣ’ ಒಪ್ಪುವುದಿಲ್ಲ, ಇಲ್ಲಿ ಮೈಯ ಚಲನೆಯೂ ಇದೆ. ‘ದಾಖಲೆ’ ಎಂದರೆ ಮೇಜಿನ ಮೇಲಿನ ಕಾಗದಪತ್ರಗಳ ಜೊತೆ ಕಲೆಸಿಹೋಗುತ್ತದೆ. ‘ರೆಕಾರ್ಡಿಂಗ್’ ಎಂದೇ ಇಡಿ. ಆಕೃತಿಗಳನ್ನು ‘ನೆರಳು’ ಎನ್ನುವುದೂ ತಪ್ಪು, ಅವು ಹೊಳೆಯುತ್ತವೆ.

ಇನ್ನೊಂದು: ನಿಲ್ದಾಣದ ನಡುಭಾಗದಲ್ಲಿ ಗುರುತ್ವ ಇಲ್ಲ, ಅಲ್ಲಿ ತೇಲುತ್ತಲೇ ಹೋಗಬೇಕು. ಆ ಪುಟದಲ್ಲಿ ‘ನಡೆಯಿರಿ’ ತೆಗೆದು ‘ಸಾಗಿ’ ಹಾಕಿ.