ಎಸ್.ಒ.ಡಿ. ತಂಡದ ಮೊದಲ ಆಲ್ಬಮ್: ವ್ಯಂಗ್ಯವೋ, ದ್ವೇಷವೋ?

ಹಳೆಕ್ಯಾಸೆಟ್ ಕೇಳಿದ ಪ್ರಶ್ನೆ:
ಅಮೆರಿಕದ ಥ್ರ್ಯಾಶ್ ಮೆಟಲ್ ತಂಡ ಆಂಥ್ರಾಕ್ಸ್‌ನ ಆಲ್ಬಮ್‌ಗಳನ್ನು ಕಾಲಕ್ರಮದಲ್ಲಿ ಕೇಳುತ್ತ ಬಂದಾಗ ‘ಸ್ಟಾರ್ಮ್‌ಟ್ರೂಪರ್ಸ್ ಆಫ್ ಡೆತ್’ (ಎಸ್.ಒ.ಡಿ.) ಎಂಬ ತಂಡದ ಹೆಸರು ಎದುರಾಯಿತು. 1985ರಲ್ಲಿ ಬಂದ ಅವರ ‘ಸ್ಪೀಕ್ ಇಂಗ್ಲಿಷ್ ಆರ್ ಡೈ’ ಆಲ್ಬಮನ್ನು ಥ್ರ್ಯಾಶ್ ಮೆಟಲ್ ಮತ್ತು ಹಾರ್ಡ್‌ಕೋರ್ ಪಂಕ್ ಬೆರೆತ ‘ಕ್ರಾಸ್‌ಓವರ್ ಥ್ರ್ಯಾಶ್’ ಶೈಲಿಯ ಬುನಾದಿಗಳಲ್ಲಿ ಒಂದೆಂದು ಹೊಗಳುವವರು ಬಹಳ. ಆದರೆ ‘ಇಂಗ್ಲಿಷ್ ಮಾತಾಡು, ಇಲ್ಲವೇ ಸಾಯಿ’ ಎಂಬ ಶೀರ್ಷಿಕೆಯನ್ನು ಕನ್ನಡದವನಾದ ನಾನು ನಕ್ಕು ಬಿಟ್ಟುಬಿಡಲಾರೆ. ಇದು ನಿಜಕ್ಕೂ ವ್ಯಂಗ್ಯವೇ? ಇಷ್ಟು ಹೆಸರು ಮಾಡಿದವರು ಮುಂದೆ ಹೆಚ್ಚು ಆಲ್ಬಮ್‌ಗಳನ್ನು ಏಕೆ ತರಲಿಲ್ಲ?

ಬಾಸ್‌ಪ್ರಿಯ:
ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇದು ಬಾಳಿಕೆಗೆಂದು ಕಟ್ಟಿದ ತಂಡವೇ ಅಲ್ಲ. ಆಂಥ್ರಾಕ್ಸ್‌ನ ಗಿಟಾರ್ ವಾದಕ ಸ್ಕಾಟ್ ಇಯಾನ್ ತಮ್ಮ ತಂಡದ ಆಲ್ಬಮ್ಮಿಗೆ ತಮ್ಮ ಪಾಲಿನ ವಾದನವನ್ನು ಮುಗಿಸಿ, ಬಿಡುವಿನಲ್ಲಿ ‘ಸಾರ್ಜೆಂಟ್ ಡಿ’ ಎಂಬ ಕ್ರೂರ ಮುಖದ ಸೈನಿಕನ ಚಿತ್ರ ಬರೆದು, ಅವನ ಬಾಯಲ್ಲಿ ಬರುವಂಥ ಹಾಡುಗಳನ್ನು ಕಟ್ಟತೊಡಗಿದರು. ಡ್ರಮ್ಸ್‌ಗೆ ಅದೇ ತಂಡದ ಚಾರ್ಲಿ ಬೆನಾಂಟೆ, ಬಾಸ್‌ಗೆ ಆಂಥ್ರಾಕ್ಸ್‌ನಿಂದ ಹೊರಬಿದ್ದಿದ್ದ ಡ್ಯಾನ್ ಲಿಲ್ಕರ್, ಹಾಡಲು ನ್ಯೂಯಾರ್ಕಿನ ಹಾರ್ಡ್‌ಕೋರ್ ಪಂಕ್ ವಲಯದ ಬಿಲಿ ಮಿಲಾನೊ ಜೊತೆಯಾದರು. ಮೂರೇ ದಿನಗಳಲ್ಲಿ ಧ್ವನಿಮುದ್ರಣ ಮುಗಿಯಿತು. ಇಪ್ಪತ್ತಕ್ಕೂ ಹೆಚ್ಚು ಹಾಡುಗಳಿದ್ದರೂ ಒಟ್ಟು ಅರ್ಧ ಗಂಟೆ ದಾಟುವುದಿಲ್ಲ. ಕೊನೆಯ ಹಾಡುಗಳಲ್ಲಿ, 1970ರಲ್ಲೇ ತೀರಿಕೊಂಡಿದ್ದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕುರಿತ ‘ಲಾವಣಿ’ಯೊಂದಿದೆ, ಅವರ ಪರಿಚಿತ ರಿಫ್ (ಗಿಟಾರಿನ ಪುಟ್ಟ ಸ್ವರಗುಚ್ಛ) ಶುರುವಾಗುತ್ತಿದ್ದಂತೆಯೇ ‘ನೀನು ಸತ್ತಿದ್ದೀಯ’ ಎಂದು ಕೂಗಿ ಮುಗಿಸಿಬಿಡುತ್ತಾರೆ.

ಮಂದ್ರಸ್ಥಾಯಿ:
ಶೀರ್ಷಿಕೆ ಗೀತೆಯಲ್ಲಿ ಬೀದಿ ಮೂಲೆಯಲ್ಲಿ ತಿಂಡಿ ಮಾರಿ ಬದುಕುವ ವಲಸಿಗರನ್ನು ಬಯ್ಯಲಾಗಿದೆ. ಆ ಮಾತು ಸಾರ್ಜೆಂಟ್ ಡಿಯದು, ತಮ್ಮದಲ್ಲ, ಕೇಳಿದವರನ್ನು ಕೆರಳಿಸುವುದಷ್ಟೇ ಉದ್ದೇಶವಾಗಿತ್ತು ಎಂದು ತಂಡದವರು ಹೇಳುತ್ತ ಬಂದಿದ್ದಾರೆ. ಇಯಾನ್ ಸ್ವತಃ ನ್ಯೂಯಾರ್ಕಿನ ಯಹೂದಿ ಕುಟುಂಬದವರು ಎಂಬುದನ್ನು ನೆನೆದರೆ ಆ ಮಾತನ್ನು ನಂಬಬಹುದು. ಆದರೂ ಪಾತ್ರದ ಮೂರ್ಖತನವನ್ನು ಬಯಲು ಮಾಡುವಂಥ ಒಂದು ಸಾಲೂ ಆ ಹಾಡಿನೊಳಗಿಲ್ಲ. ಹಾಗಿರುವಾಗ ವ್ಯಂಗ್ಯವನ್ನು ನಿಜವೆಂದೇ ನಂಬಿ ಜೊತೆಗೂಡಿ ಕೂಗಿದವರನ್ನು ಮಾತ್ರ ದೂರಿ ಪ್ರಯೋಜನವೇನು? ಅವರ ಸಂಗೀತವನ್ನು ನಾನು ಮೆಚ್ಚುತ್ತೇನೆ, ಈ ಸಮರ್ಥನೆಯನ್ನಲ್ಲ.

ಬಾಸ್‌ಪ್ರಿಯ:
ಒಪ್ಪುತ್ತೇನೆ. ಮುಂದಿನ ಕಥೆ ಚಿಕ್ಕದು. ಮಿಲಾನೊ ಎಂ.ಒ.ಡಿ. ಎಂಬ ತಂಡ ಕಟ್ಟಿಕೊಂಡರು, ಲಿಲ್ಕರ್ ತಮ್ಮ ಇನ್ನೊಂದು ತಂಡ ನ್ಯೂಕ್ಲಿಯರ್ ಅಸಾಲ್ಟ್‌ನಲ್ಲಿ ಮುಂದುವರಿದರು. ಎಸ್.ಒ.ಡಿ.ಯ 1992ರ ಕಛೇರಿ ಆಲ್ಬಮ್ ‘ಲೈವ್ ಅಟ್ ಬುಡೊಕಾನ್’ನ ಹೆಸರಷ್ಟೇ ಜಪಾನಿನ ಸಭಾಂಗಣದ್ದು, ಧ್ವನಿಮುದ್ರಣವಾದದ್ದು ನ್ಯೂಯಾರ್ಕಿನಲ್ಲಿ. 1999ರ ಆಲ್ಬಮ್ ‘ಬಿಗ್ಗರ್ ದ್ಯಾನ್ ದ ಡೆವಿಲ್’ನಲ್ಲಿ ಅದೇ ತಮಾಷೆಯನ್ನು ಮತ್ತೆ ಬಿಸಿ ಮಾಡಿ ಬಡಿಸಿದಂತಿದೆ. ನೀವು ಮೊದಲ ಆಲ್ಬಮ್ಮಿನ ‘ಮಾರ್ಚ್ ಆಫ್ ದ ಎಸ್.ಒ.ಡಿ.’ಯಿಂದ ಆರಂಭಿಸಿ, ಅದರಲ್ಲಿ ಸಾಹಿತ್ಯವೇ ಇಲ್ಲ.

ಹಳೆಕ್ಯಾಸೆಟ್:
ಈಗಷ್ಟೇ ಕೇಳಿದೆ. ಒಂದೂವರೆ ನಿಮಿಷದೊಳಗೇ ಮುಗಿಯಿತು, ಮೂರು ಸಲ ಹಾಕಿದೆ. ನಾಲ್ಕನೆಯ ಸಲ ನಿಲ್ಲಿಸಲು ಮರೆತಾಗ ಮುಂದಿನ ಹಾಡಿನಲ್ಲಿ ಸಾರ್ಜೆಂಟ್ ಡಿ ಬಾಯಿ ತೆರೆದುಬಿಟ್ಟ.