ಪದಚರ್ಚೆ: ತಣ್ಣನೆಯ ಎಂಜಿನ್ನಿನ ‘ರಫ್ ಐಡಲ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ:

ಗೆಳೆಯರೇ, ಕಾರು ದುರಸ್ತಿಯ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಚಳಿಗಾಲದ ಬೆಳಗ್ಗೆ ಎಂಜಿನ್ ಸರಿಯಾಗಿ ಓಡದಿದ್ದರೆ ಏನೇನು ನೋಡಬೇಕು ಎಂಬ ಅಧ್ಯಾಯದಲ್ಲಿ ಮೂರು ಪದಗಳು ತೊಡಕಾಗಿವೆ. ಕರಡಿನಲ್ಲಿ ‘ರಫ್ ಐಡಲ್’ (ನಿಂತ ಗಾಡಿಯಲ್ಲಿ ಎಂಜಿನ್ ನಯವಾಗಿ ತಿರುಗದಿರುವುದು) ಎಂಬುದು ‘ಒರಟು ನಿಷ್ಕ್ರಿಯತೆ’ ಆಗಿದೆ, ‘ವ್ಯಾಕ್ಯೂಮ್ ಲೀಕ್’ ‘ನಿರ್ವಾತ ಸೋರಿಕೆ’ಯಾಗಿದೆ, ‘ಕೋಲ್ಡ್ ಸ್ಟಾರ್ಟ್’ ‘ಶೀತಲ ಆರಂಭ’ವಾಗಿದೆ. ಸ್ಪ್ಯಾನರ್ ಹಿಡಿದವರಿಗೆ ಒಮ್ಮೆಲೇ ಅರ್ಥವಾಗುವ ಮಾತು ಬೇಕು. ದಯವಿಟ್ಟು ತಿಳಿಸಿ.

ಉತ್ತರ:

ಮೂರನ್ನೂ ಕೈಬಿಡುವುದು ಒಳ್ಳೆಯದು. ಐಡ್ಲಿಂಗ್‌ನಲ್ಲಿ ಎಂಜಿನ್ ನಿಷ್ಕ್ರಿಯವಾಗಿ ಇರುವುದೇ ಇಲ್ಲ. ಆಕ್ಸಿಲರೇಟರ್ ಮೇಲಿನ ಕಾಲು ತೆಗೆದರೂ ಬಿಸಿಯಾದ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ ಸುಮಾರು 650ರಿಂದ 850 ಸುತ್ತು ತಿರುಗುತ್ತಿರುತ್ತದೆ. ತಣ್ಣಗಿದ್ದಾಗ ಎಂಜಿನ್ನಿನ ಕಂಪ್ಯೂಟರೇ ಅದನ್ನು 1,100ರಿಂದ 1,500ರ ಆಸುಪಾಸಿಗೆ ಏರಿಸಿರುತ್ತದೆ. ‘ಐಡ್ಲಿಂಗ್’ ಎಂದೇ ಇಡಿ, ಗ್ಯಾರೇಜಿನಲ್ಲಿ ಬಳಕೆಯಲ್ಲಿರುವುದು ಅದೇ.

ಇನ್ನು ‘ಒರಟು’. ಮರದ ಹಲಗೆ ಒರಟು, ಮಾತು ಒರಟು, ಎಂಜಿನ್ನಿನ ಓಟ ಒರಟಲ್ಲ. ಇಂಗ್ಲಿಷಿನ ಆ ಒಂದೇ ಪದದೊಳಗೆ ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಕನ್ನಡದಲ್ಲಿ ಅವಕ್ಕೆ ಬೇರೆ ಬೇರೆ ಕ್ರಿಯಾಪದಗಳಿವೆ, ಅವನ್ನೇ ಬಳಸಿ. ಒಂದೊಂದು ಪದವೂ ಬೇರೆ ಬೇರೆ ಭಾಗದ ಕಡೆಗೆ ಕೈ ತೋರಿಸುತ್ತದೆ.

‘ಅದುರುತ್ತದೆ’ ಎಂದರೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ತೋರಿಸುವ ಮುಳ್ಳು ಅಲುಗದೆ ನಿಂತಿದೆ, ಆದರೆ ಸ್ಟಿಯರಿಂಗು, ಸೀಟು ನಡುಗುತ್ತಿವೆ. ಇಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ನನ್ನು ಹಿಡಿದಿಡುವ ರಬ್ಬರಿನ ಆಸರೆ. ಹಳೆಯ ರಬ್ಬರು ಚಳಿಗೆ ಇನ್ನಷ್ಟು ಗಟ್ಟಿಯಾಗಿ ನಡುಕವನ್ನು ನೇರವಾಗಿ ಕಾರಿನ ಮೈಗೆ ದಾಟಿಸುತ್ತದೆ.

‘ಮಿಸ್ಸಿಂಗ್’ ಬೇರೆ. ಒಂದು ಸಿಲಿಂಡರ್ ಉರಿಯದೆ ಹೋದಾಗ ಓಟದ ತಾಳ ತಪ್ಪುತ್ತದೆ, ಸೈಲೆನ್ಸರಿನಿಂದ ‘ಪುಕ್ ಪುಕ್’ ಎಂಬ ತುಂಡು ಸದ್ದು ಬರುತ್ತದೆ. ಸ್ಕ್ಯಾನರಿನಲ್ಲಿ (ಎಂಜಿನ್ ಕಂಪ್ಯೂಟರಿನ ದೋಷಸಂಕೇತ ಓದುವ ಸಾಧನ) ಪಿ0301, ಪಿ0302 ಎಂಬ ಕೋಡುಗಳು ಬಂದರೆ ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. ಪಿ0300 ಎಂದರೆ ಮಿಸ್ಸಿಂಗ್ ಯಾವುದೋ ಒಂದಕ್ಕೆ ಸೀಮಿತವಾಗಿಲ್ಲ. ಒಂದನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು (ಪ್ಲಗ್ಗಿನ ಕಿಡಿಗೆ ವಿದ್ಯುತ್ ಒದಗಿಸುವ ಸುರುಳಿ) ಎರಡನೆಯದಕ್ಕೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಮರುದಿನ ಬೆಳಗ್ಗೆ ಸ್ಟಾರ್ಟ್ ಮಾಡಿ. ಕೋಡ್ ಪಿ0302ಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್, ಆಮೇಲೆ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಭಾಗ), ಕೊನೆಗೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಬೇಕು. ಪ್ಲಗ್ಗಿನ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ಸಾಮಾನ್ಯವಾಗಿ 0.7ರಿಂದ 1.1 ಮಿ.ಮೀ. ಒಳಗಿರುತ್ತದೆ (ನಿಮ್ಮ ಎಂಜಿನ್ನಿಗೆ ಕಂಪನಿ ಹೇಳಿದ ಅಳತೆಯೇ ಅಂತಿಮ). ಪ್ಲಗ್ ಸವೆದು ಗ್ಯಾಪ್ ಅಗಲವಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜು ಬೇಕು, ಚಳಿಯಲ್ಲಿ ಬ್ಯಾಟರಿಯೇ ಸೊರಗಿರುತ್ತದೆ. ಚೆಕ್ ಎಂಜಿನ್ ದೀಪ ‘ಉರಿಯುವುದು’ ಮತ್ತು ‘ಮಿನುಗುವುದು’ ಒಂದೇ ಅಲ್ಲ ಎಂದೂ ಕೈಪಿಡಿಯಲ್ಲಿ ಎದ್ದು ಕಾಣುವಂತೆ ಬರೆಯಿರಿ. ಮಿನುಗಿದರೆ, ಉರಿಯದ ಪೆಟ್ರೋಲ್ ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಎಂದರ್ಥ. ಗಾಡಿ ಓಡಿಸಬಾರದು.

ಮುಳ್ಳೇ ಮೇಲೆ ಕೆಳಗೆ ಆಡುತ್ತಿದ್ದರೆ ‘ಏರಿಳಿತ’ ಎನ್ನಿ. ಹಂಟಿಂಗ್ ಎಂದರೂ ಮೆಕ್ಯಾನಿಕ್‌ಗಳಿಗೆ ಗೊತ್ತು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಾರ್ಬನ್ ಕಟ್ಟಿದ್ದರೆ, ಐಡ್ಲಿಂಗ್ ಗಾಳಿಯನ್ನು ನಿಯಂತ್ರಿಸುವ ಐಡಲ್ ವಾಲ್ವ್ ಅಂಟಿಕೊಂಡಿದ್ದರೆ ಹೀಗಾಗುತ್ತದೆ. ಕ್ಲೀನರನ್ನು ಬಟ್ಟೆಗೆ ಹಾಕಿ ಒರೆಸಬೇಕು. ಎಲೆಕ್ಟ್ರಾನಿಕ್ ಥ್ರಾಟಲ್‌ನ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಳ್ಳಬಾರದು, ಒಳಗಿನ ಗಿಯರ್ ಹಾಳಾಗುತ್ತದೆ. ಒರೆಸಿದ ಮೇಲೆ ಐಡಲ್ ಮರುಕಲಿಕೆ (ಕಂಪ್ಯೂಟರಿಗೆ ಐಡ್ಲಿಂಗ್ ಮಟ್ಟವನ್ನು ಮತ್ತೆ ಕಲಿಸುವುದು) ಮಾಡಿಸದಿದ್ದರೆ ಕೆಲವು ಕಾರುಗಳಲ್ಲಿ ಏರಿಳಿತ ಹೆಚ್ಚಿದಂತೆಯೂ ಕಾಣಬಹುದು.

‘ನಿರ್ವಾತ ಸೋರಿಕೆ’ಯಂತೂ ಅರ್ಥವನ್ನೇ ತಿರುಗಿಸಿಬಿಟ್ಟಿದೆ. ನಿರ್ವಾತ ಸೋರುವುದಿಲ್ಲ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ‘ಏರ್ ಎಳೀತಿದೆ’ ಎನ್ನುವ ಆಡುಮಾತು ಇದಕ್ಕಿಂತ ಎಷ್ಟೋ ನಿಖರ. ಬರಹಕ್ಕೆ ‘ಕಳ್ಳಗಾಳಿ’ ಎಂಬುದನ್ನು ಸೂಚಿಸುತ್ತೇನೆ. ಕಳ್ಳದಾರಿ, ಕಳ್ಳಬಾಗಿಲು ಇದ್ದಂತೆ, ಏರ್‌ಫ್ಲೋ ಸೆನ್ಸರಿನ ಲೆಕ್ಕಕ್ಕೆ ಸಿಗದೆ ಒಳಬಂದ ಗಾಳಿ ಇದು. ಗಾಳಿ ಹೆಚ್ಚಾಗಿ ಪೆಟ್ರೋಲ್ ಕಮ್ಮಿಯಾಗುತ್ತದೆ, ಅಂದರೆ ಮಿಶ್ರಣ ‘ತೆಳು’ವಾಗುತ್ತದೆ.

ಅದು ಬೆಳಗ್ಗೆಯೇ ಏಕೆ ಕಾಡುತ್ತದೆ? ತಣ್ಣನೆಯ ಪೆಟ್ರೋಲ್ ಚೆನ್ನಾಗಿ ಆವಿಯಾಗುವುದಿಲ್ಲ, ಒಂದಷ್ಟು ಭಾಗ ಗಾಳಿ ಒಳಬರುವ ಇಂಟೇಕ್ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಬಿಡುತ್ತದೆ. ಆದರೆ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮೀರಿ ಬಿಸಿಯಾಗುವವರೆಗೆ ಅದರ ಮಾತು ಕೇಳುವಂತಿಲ್ಲ, ಮೊದಲೇ ಬರೆದಿಟ್ಟ ಕೋಷ್ಟಕದ ಪ್ರಕಾರವೇ ನಡೆಯಬೇಕು. ಆ ಹೊತ್ತಿನಲ್ಲಿ ಕಳ್ಳಗಾಳಿಯನ್ನು ಸರಿದೂಗಿಸಲು ಕಂಪ್ಯೂಟರಿಗೆ ಬೇಕಾದ ಸುಳಿವೇ ಇಲ್ಲ. ಬಿಸಿಯಾದ ಮೇಲೆ ಸೆನ್ಸರ್ ಎಚ್ಚರಗೊಂಡು, ಪೆಟ್ರೋಲ್ ಹೊಂದಿಸಿ, ದೋಷವನ್ನು ಮುಚ್ಚಿಬಿಡುತ್ತದೆ. ತಂಪಿಗೆ ಕುಗ್ಗಿದ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಇಂಟೇಕ್ ಕೊಳವೆಯ ಜೋಡಣೆಯ ಸಂದು ಮುಚ್ಚುವ ಪಟ್ಟಿ) ಬಿಸಿಗೆ ಹಿಗ್ಗಿ ಸಂದು ತಾನೇ ಮುಚ್ಚುವುದೂ ಉಂಟು. ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡಿದ ಪ್ರಮಾಣ) ಐಡ್ಲಿಂಗ್‌ನಲ್ಲಿ +15%ರಷ್ಟಿದ್ದು, 2,500 ಆರ್‌ಪಿಎಂಗೆ ರೇಸ್ ಮಾಡಿದಾಗ ಸೊನ್ನೆಯ ಹತ್ತಿರ ಬಂದರೆ ಕಳ್ಳಗಾಳಿಯ ಅನುಮಾನ ಗಟ್ಟಿ. ಎರಡೂ ಕಡೆ ಹೆಚ್ಚೇ ಇದ್ದರೆ ಫ್ಯೂಯಲ್ ಪಂಪು, ಫಿಲ್ಟರು, ಏರ್‌ಫ್ಲೋ ಸೆನ್ಸರ್ ಕಡೆ ಹೊರಳಿ.

‘ಶೀತಲ ಆರಂಭ’ದ ಬದಲು ‘ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡುವಾಗ’ ಎಂದು ಬಿಡಿಸಿ ಬರೆಯಿರಿ. ‘ಚಳಿ’ಗೂ ‘ತಣ್ಣಗಿರುವುದ’ಕ್ಕೂ ಇರುವ ವ್ಯತ್ಯಾಸ ಇಲ್ಲಿ ದೊಡ್ಡದು. ರಾತ್ರಿಯಿಡೀ ನಿಂತ ಎಂಜಿನ್ ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ. ತೊಂದರೆ ಎಲ್ಲ ಕಾಲದಲ್ಲೂ ಮೊದಲ ಸ್ಟಾರ್ಟ್‌ಗೆ ಬರುತ್ತಿದ್ದರೆ ಸೋರುವ ಇಂಜೆಕ್ಟರ್, ರಾತ್ರಿ ಇಳಿದುಹೋಗುವ ಫ್ಯೂಯಲ್ ಪ್ರೆಷರ್ ನೋಡಿ. ಚಳಿಯಲ್ಲಿ ಮಾತ್ರ ಬಂದರೆ ಬ್ಯಾಟರಿ, ಪ್ಲಗ್, ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಟೆಂಪರೇಚರ್ ಸೆನ್ಸರ್. ಈ ಸೆನ್ಸರಿನ ಪರೀಕ್ಷೆ ಸುಲಭ: ರಾತ್ರಿ ನಿಂತ ಕಾರಿನಲ್ಲಿ ಎಂಜಿನ್ ಹಚ್ಚದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಸ್ಕ್ಯಾನರಿನಲ್ಲಿ ಕೂಲೆಂಟಿನ ಉಷ್ಣತೆಯನ್ನೂ ಒಳಬರುವ ಗಾಳಿಯ ಉಷ್ಣತೆಯನ್ನೂ ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. 10 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಯಾವುದೋ ಒಂದು ಸೆನ್ಸರ್ ಸುಳ್ಳು ಹೇಳುತ್ತಿದೆ. ಕೂಲೆಂಟ್ ಸೆನ್ಸರ್ ಇಲ್ಲದ ಬಿಸಿಯನ್ನು ತೋರಿಸಿದರೆ ಬೆಳಗಿನ ಹೆಚ್ಚುವರಿ ಪೆಟ್ರೋಲ್ ಸಿಗುವುದೇ ಇಲ್ಲ.

ಇನ್ನೊಂದು ಉತ್ತರ:

ಮೇಲಿನವರ ‘ಕಳ್ಳಗಾಳಿ’ಗೆ ನನ್ನ ಪೂರ್ಣ ಒಪ್ಪಿಗೆ. ಎರಡು ಮಾತು ಸೇರಿಸುತ್ತೇನೆ. ‘ಚೋಕ್ ಎಳೆಯಿರಿ’ (ತಣ್ಣನೆಯ ಎಂಜಿನ್ನಿಗೆ ಗಾಳಿ ಕಡಿಮೆ ಮಾಡುವ ಗುಂಡಿ) ಎಂಬ ಹಳೆಯ ಸೂಚನೆ ಕರಡಿನಲ್ಲಿ ಉಳಿದಿದ್ದರೆ ಅದು ಕಾರ್ಬುರೇಟರ್ ಇರುವ ಗಾಡಿಗೆ ಮಾತ್ರ ಎಂದು ಸ್ಪಷ್ಟಪಡಿಸಿ. ಇಂಜೆಕ್ಟರ್ ಗಾಡಿಯಲ್ಲಿ ಎಳೆಯಲು ಚೋಕೇ ಇಲ್ಲ. ಡೀಸೆಲ್ ಎಂಜಿನ್ನನ್ನು ಸ್ಟಾರ್ಟ್‌ಗೆ ಮೊದಲು ಒಳಗೆ ಬಿಸಿಮಾಡುವ ‘ಗ್ಲೋ ಪ್ಲಗ್’ಗೆ ‘ಹೊಳೆಯುವ ಪ್ಲಗ್’ ಬೇಡ, ‘ಹೀಟರ್ ಪ್ಲಗ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ವೈರ್ ಬಿಚ್ಚಿ ಮೀಟರ್ ಹಿಡಿದರೆ ಸಾಮಾನ್ಯವಾಗಿ 2 ಓಮ್‌ಗಿಂತ ಕಡಿಮೆ ಬರಬೇಕು, ಏನೂ ತೋರದಿದ್ದರೆ ಪ್ಲಗ್ ಸುಟ್ಟಿದೆ.

‘ವೈಟ್ ಸ್ಮೋಕ್’ ಎಂದಿರುವಲ್ಲೆಲ್ಲ ‘ಬಿಳಿ ಹೊಗೆ’ ಎಂದು ಬರೆಯಬೇಡಿ. ಚಳಿಯಲ್ಲಿ ಒಳ್ಳೆಯ ಕಾರಿನ ಸೈಲೆನ್ಸರಿನಿಂದಲೂ ಕೆಲವು ನಿಮಿಷ ಬರುವುದು ‘ಹಬೆ’. ಹೀಟರ್ ಪ್ಲಗ್ ಸತ್ತ ಡೀಸೆಲ್ ಗಾಡಿಯಿಂದ ಕಣ್ಣುರಿಸುತ್ತ, ಹಸಿ ಡೀಸೆಲ್ ವಾಸನೆಯೊಂದಿಗೆ ಬರುವುದು ‘ಬಿಳಿ ಹೊಗೆ’. ಎಂಜಿನ್ ಬಿಸಿಯಾದ ಮೇಲೂ ಹಬೆ ನಿಲ್ಲದೆ, ಸಿಹಿ ವಾಸನೆ ಬಂದು, ಕೂಲೆಂಟ್ ದಿನದಿನಕ್ಕೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಕೆಳಗಿನ ಮುಚ್ಚುಪಟ್ಟಿ) ಹೋಗಿರಬಹುದು. ರಾತ್ರಿ ಸಿಲಿಂಡರಿಗೆ ಇಳಿದ ಆ ಕೂಲೆಂಟೇ ಬೆಳಗ್ಗೆ ಮೊದಲ ಕೆಲವು ಸೆಕೆಂಡುಗಳ ಮಿಸ್ಸಿಂಗ್‌ಗೆ ಕಾರಣವಾಗುತ್ತದೆ, ಓದುಗರು ಅಲ್ಲಿ ಪ್ಲಗ್ ಬದಲಿಸುತ್ತ ಕೂರಬಾರದು.